ಆಟಕ್ಕೆ ಜನ ಬರ್ತಿರ್ಲಿಲ್ಲ, ಹಿಂಗೆ ಸರಿ ಮಾಡ್ದೆ
ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಂದ್ರೆ ಒಬ್ಬೊಬ್ರು ಒಂದೊಂದು ಪಾತ್ರ ಆಗಿ, ದಾಳ ಹಾಕ್ತಾ ಸಾಹಸದ ಕಥೆ ಮುಂದುವರ್ಸೋ ಆಟ. ಅದನ್ನ ಆಡೋಕೆ ಆರು ಜನ ಸೇರಿದ್ವಿ, ನಾನೇ ಡಂಜನ್ ಮಾಸ್ಟರ್, ಅಂದ್ರೆ ಕಥೆ ಹೇಳಿ ಆಟ ನಡೆಸೋ ಕೆಲಸ ನಂದು, ಆದ್ರೆ ಶನಿವಾರ ಬಂತು ಅಂದ್ರೆ ಒಬ್ರಿಗೆ ಆಫೀಸ್ ಕಾಲ್, ಇನ್ನೊಬ್ರಿಗೆ ಊರಲ್ಲಿ ಮದ್ವೆ, ಎರಡು ತಿಂಗಳಲ್ಲಿ ಆಡಿದ್ದು ಒಂದೇ ಸಲ. ತುಂಬ ಬೇಜಾರಾಗಿತ್ತು. ಕೊನೆಗೆ ಉದ್ದದ ಕಥೆ ಬಿಟ್ಟು 3 ಗಂಟೇಲಿ ಮುಗಿಯೋ ಸಾಹಸಗಳನ್ನ ಮಾಡ್ದೆ, ಎಲ್ರೂ ಒಂದೇ ಕೋಟೆಯಿಂದ ಹೊರಟು ಆಟ ಮುಗಿಯೋದ್ರೊಳಗೆ ವಾಪಸ್ ಬರ್ಬೇಕು, ಹಂಗಾಗಿ ಬರದೇ ಇದ್ದೋರ ಪಾತ್ರ ಕೋಟೇಲೇ ಇರತ್ತೆ, ಕಥೆ ಕೆಡಲ್ಲ. ಮೂರು ಜನ ಬಂದ್ರೆ ಶುರು. ಎಕ್ಸ್‌ಪೀರಿಯನ್ಸ್ ಪಾಯಿಂಟ್ (ಆಡ್ತಾ ಪಾತ್ರಕ್ಕೆ ಸಿಗೋ ಅಂಕ) ಲೆಕ್ಕ ಬಿಟ್ಟು ಎಲ್ರ ಪಾತ್ರಕ್ಕೂ ಒಟ್ಟಿಗೇ ಮುಂದಿನ ಲೆವೆಲ್ ಕೊಡ್ತೀನಿ, ಬರದೇ ಇದ್ದೋರಿಗೂ, ಇಲ್ಲಾಂದ್ರೆ ಹಿಂದೆ ಬಿದ್ದೋರು ಮತ್ತೆ ಬರೋದೇ ಇಲ್ಲ. ರೂಲ್‌ಬುಕ್ ಓದದ ಗೆಳತಿಗೆ ಒಂದು ಕಾರ್ಡಲ್ಲಿ "ಬಿಲ್ಲು ಹೊಡೆಯೋಕೆ: 20 ಮುಖದ ದಾಳ ಹಾಕು, ಬಿದ್ದಿದ್ದಕ್ಕೆ 5 ಕೂಡ್ಸು" ಅಂತ ಬರ್ಕೊಟ್ಟೆ, ಹೋದ್ವಾರ ಅವಳೇ ಎಲ್ರಿಗಿಂತ ಮೊದ್ಲು ಬಂದು ಮ್ಯಾಪ್ ಹಾಸಿ ಕೂತಿದ್ಲು.