ಗಾಣದ ಬೆಲ್ಲಕ್ಕೆ ಜರ್ಮನಿ ಕಾನೂನು: ನನ್ನ ಅನುಭವ

ಹೋದ ಮಾರ್ಚ್‌ನಲ್ಲಿ ಆಡಿಟರ್ ಒಬ್ಬರು ನಮ್ಮ ಗೋದಾಮಿನಿಂದ ಒಂದು ಕಿಲೋ ಬೆಲ್ಲದ ಪುಡಿಯ ಪೊಟ್ಟಣ ಎತ್ತಿಕೊಂಡು, "ಇದು ಯಾವ ಗಾಣದ್ದು? ಯಾರು ಕುದಿಸಿದ್ದು?" ಎಂದು ಕೇಳಿದರು. 22 ನಿಮಿಷದಲ್ಲಿ ಉತ್ತರ ಕೊಟ್ಟೆವು. ಮಹಾಲಿಂಗಪುರದ ಹತ್ತಿರದ ಗಾಣ, ಕುದಿಸಿದ ದಿನ, ಕೊಪ್ಪರಿಗೆ ಮುಂದೆ ನಿಂತವರ ಸಹಿ, ಎಲ್ಲವೂ ಒಂದು ಉದ್ದನೆಯ ರಿಜಿಸ್ಟರ್ ಪುಸ್ತಕದಲ್ಲಿ, ಕನ್ನಡದಲ್ಲಿ ಇತ್ತು. ಎರಡು ವರ್ಷದ ಹಿಂದೆ ಇದೇ ಪುಸ್ತಕ ನೋಡಿ ನಮ್ಮ ಮುಂಬೈ ಆಫೀಸಿನ ಲೀಗಲ್‌ನವರು, "ಕೈಬರಹ ಯಾವ ಆಡಿಟ್‌ನಲ್ಲೂ ನಿಲ್ಲುವುದಿಲ್ಲ" ಎಂದಿದ್ದರು. ನಿಂತಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವುದು ಮುಧೋಳ ಭಾಗದ ಒಂದು ಘಟಕದ ಕಂಪ್ಲಯನ್ಸ್, ಅಂದರೆ ಕಾನೂನು-ನಿಯಮ ಪಾಲನೆ. ಹೊರದೇಶದ ದೊಡ್ಡ ಕಂಪನಿಯೊಂದರ ಹೆಸರಿನಲ್ಲಿ ನಮ್ಮ ಮಾಲು ಹೋಗುತ್ತದೆ. ಅರ್ಧ ಇಲ್ಲಿನ ಮಾರುಕಟ್ಟೆಗೆ, ಅರ್ಧ ಜರ್ಮನಿಗೆ. ಕಂಪನಿಯ ಸಾಫ್ಟ್‌ವೇರ್‌ನಲ್ಲಿ ನಮ್ಮ ಘಟಕ ಪಾಲಿಸಬೇಕಾದ ನಿಯಮಗಳು, ಸುಮಾರು 140 ಸಾಲು ಇದ್ದವು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ, ಅಳತೆ-ತೂಕ, ಪ್ಲಾಸ್ಟಿಕ್ ಕಸದ ಹೊಣೆ (ಇಪಿಆರ್), ಪಿಎಫ್, ಮಹಿಳಾ ದೂರು ಸಮಿತಿ, ಇಂಥವು. ಎಲ್ಲವೂ ಹಸಿರು, ಅಂದರೆ ಸರಿಯಿದೆ ಎಂಬ ಗುರುತು. ಆ ಹಸಿರನ್ನು ಒತ್ತಿದವನು ನಾನೇ.

ಎಲ್ಲ ಹಸಿರಿದ್ದಾಗಲೇ ಒಂದು ಕಂಟೇನರ್ ಜರ್ಮನಿಯಲ್ಲಿ ನಿಂತಿತು. ಮಾರಾಟಕ್ಕೆ ಬಿಡುವ ಮೊದಲು ಅಲ್ಲಿನ ಲ್ಯಾಬ್ ನೋಡಿದಾಗ ಸಲ್ಫೈಟ್ 30 ಪಿಪಿಎಂ, ಅಂದರೆ ಕಿಲೋಗೆ 30 ಮಿಲಿಗ್ರಾಂ ಆಸುಪಾಸು ಬಂದಿತ್ತು. ಯುರೋಪಿನಲ್ಲಿ ಕಿಲೋಗೆ 10 ಮಿಲಿಗ್ರಾಂ ದಾಟಿದರೆ ಅಲರ್ಜಿ ಪದಾರ್ಥ ಎಂದು ಲೇಬಲ್ ಮೇಲೆ ಹೇಳಲೇಬೇಕು. ನಮ್ಮ ಲೇಬಲ್ ಮೇಲೆ ಆ ಮಾತೇ ಇರಲಿಲ್ಲ. ಮರು ಲೇಬಲ್, ಗೋದಾಮಿನ ಬಾಡಿಗೆ, ದಂಡ ಎಲ್ಲ ಸೇರಿ ಆರೂವರೆ ಲಕ್ಷದ ಹತ್ತಿರ ಹೋಯಿತು. ಅಂಗಡಿಗೆ ಹೋದ ಮೇಲೆ ಸಿಕ್ಕಿದ್ದರೆ ಇಡೀ ಮಾಲು ವಾಪಸ್ ಕರೆಸಬೇಕಾಗಿತ್ತು. ಆಸ್ತಮಾ ಇರುವ ಯಾರಾದರೂ ತಿಂದಿದ್ದರೆ? ಆ ಯೋಚನೆಗೇ ನನಗೆ ಎಷ್ಟೋ ರಾತ್ರಿ ನಿದ್ದೆ ಬರಲಿಲ್ಲ.

ಕಾರಣ ಹುಡುಕಲು ಲೀಗಲ್‌ನವರು ಕರಾರು ಪತ್ರ ತೆಗೆದರು. ಅದರಲ್ಲಿ "ರಾಸಾಯನಿಕ ಬಳಸುವುದಿಲ್ಲ" ಎಂದು ಗಾಣದವರ ಸಹಿ ಇತ್ತು. ಇಂಗ್ಲಿಷ್‌ನಲ್ಲಿ. ನಾನು ಗಾಣಕ್ಕೇ ಹೋದೆ. ಕೊಪ್ಪರಿಗೆ ಪಕ್ಕದಲ್ಲಿ, ಬೆಲ್ಲದ ಬಣ್ಣ ತಿಳಿಯಾಗಿಸಿ ಸಲ್ಫೈಟ್ ಉಳಿಸುವ ಹೈಡ್ರೋಸ್ ಪುಡಿಯ ಡಬ್ಬ ಎಲ್ಲರಿಗೂ ಕಾಣುವ ಹಾಗೆ ಕೂತಿತ್ತು. ಯಜಮಾನರು ಮುಚ್ಚಿಡಲೂ ಇಲ್ಲ. "ತಮ್ಮಾ, ಬಣ್ಣ ಇಲ್ಲಂದ್ರ ಪ್ಯಾಟ್ಯಾಗ ಯಾರ್ ಕೇಳ್ತಾರ? ಬ್ಯಾಡ ಅಂತ ನೀವು ಯಾವಾಗ ಹೇಳೀರಿ?" ಎಂದರು. ಅವರು ಹೇಳಿದ್ದು ನಿಜ, ನಾವು ಹೇಳಿರಲೇ ಇಲ್ಲ. ಸಹಿ ಮಾತ್ರ ಹಾಕಿಸಿಕೊಂಡಿದ್ದೆವು.

ಅವತ್ತೇ ಪುಸ್ತಕದ ಯೋಚನೆ ಬಂತು. 140 ಸಾಲಿನಲ್ಲಿ ನಿಜವಾಗಿ ಮಾಲಿಗೆ, ಮನುಷ್ಯರಿಗೆ ತಾಗುವುದು 30-35 ಅಷ್ಟೇ. ಅವನ್ನು ಕನ್ನಡದಲ್ಲಿ, ಕೆಲಸ ಮಾಡುವವರ ಮಾತಿನಲ್ಲೇ ಬರೆಸಿದೆ. ಒಂದು ಸಾಲಿಗೆ ಒಬ್ಬರದೇ ಹೆಸರು. ಎರಡು ಹೆಸರು ಬರೆದರೆ ಯಾರೂ ಮಾಡುವುದಿಲ್ಲ, ಅದನ್ನು ಮೊದಲ ತಿಂಗಳೇ ಕಲಿತೆ. ಹೈಡ್ರೋಸ್ ಬಿಟ್ಟು ಬೆಂಡೆ ಗಿಡದ ಲೋಳೆ ಹಾಕುವ ಗಾಣಗಳಿಗೆ ಕಿಲೋಗೆ ಎರಡು ರೂಪಾಯಿ ಜಾಸ್ತಿ ಕೊಟ್ಟೆವು. ಮೊದಲ ಹಂಗಾಮಿನಲ್ಲಿ 11 ಗಾಣದವರು ಒಪ್ಪಿದರು, ಮೂವರು ನಡುವೆ ಬಿಟ್ಟರು. ಸಲ್ಫೈಟ್ ತೋರಿಸುವ ಕಾಗದದ ಪಟ್ಟಿ ತರಿಸಿ ಗಾಣದಲ್ಲೇ ಪರೀಕ್ಷೆ ಮಾಡಲು ನೋಡಿದೆ. ಬೆಲ್ಲದ ನೀರಿನ ಬಣ್ಣವೇ ಪಟ್ಟಿಗೆ ಹತ್ತಿಕೊಂಡು ಏನೂ ಓದಲಾಗಲಿಲ್ಲ. ಎಂಟು ಸಾವಿರ ಸುಮ್ನೆ ಹೋಯಿತು. ಈಗ ಪ್ರತಿ ಲಾಟು ಲ್ಯಾಬಿಗೆ ಹೋಗುತ್ತದೆ. ಹೈಡ್ರೋಸ್ ಹಾಕಿದ ಅಚ್ಚನ್ನು ಲ್ಯಾಬ್ ಇಲ್ಲದೆಯೇ ಗುರುತು ಹಿಡಿಯುವ ಒಂದು ಉಪಾಯವನ್ನು ಮುಧೋಳದ ಹಿರಿಯರೊಬ್ಬರು ಕಲಿಸಿದ್ದಾರೆ. ಅದನ್ನು ಇಲ್ಲಿ ಬರೆದರೆ ನಾಳೆಯೇ ಅದಕ್ಕೂ ದಾರಿ ಹುಡುಕುತ್ತಾರೆ, ಹಾಗಾಗಿ ಬರೆಯುವುದಿಲ್ಲ.

ಇನ್ನೊಂದು ಪೆಟ್ಟು ಪೊಟ್ಟಣದ್ದು. ಗ್ರಾಹಕರ ದೂರಿನ ಫೋನ್ ನಂಬರ್ ಬದಲಾಗಿತ್ತು, ಪ್ರಿಂಟ್ ಮಾತ್ರ ಹಳೆಯದೇ ಬಂತು. 38,000 ಪೊಟ್ಟಣ, ಒಂದೂಮುಕ್ಕಾಲು ಲಕ್ಷ ರೂಪಾಯಿ. ರದ್ದಿಗೆ ಹಾಕುವಾಗ ಪ್ಯಾಕಿಂಗ್ ಟೇಬಲ್‌ನ ಒಬ್ಬ ಹೆಣ್ಣುಮಗಳು ಮೆಲ್ಲಗೆ, "ಆ ನಂಬರ್ ಹತ್ತೂದಿಲ್ಲ ಅಂತ ನಾ ಮೊದಲ ನೋಡಿದ್ನಿರಿ ಸಾಹೇಬ್ರ, ಯಾರೂ ಕೇಳಲಿಲ್ಲ" ಎಂದಳು. ನಾಲ್ಕು ಇಲಾಖೆಯ ಸಹಿ ಬಿದ್ದ ಪೊಟ್ಟಣ ಅದು. ಓದಿದವಳು ಇವಳೊಬ್ಬಳೇ.

ಅಂದಿನಿಂದ ಟೇಬಲ್‌ನಲ್ಲಿ ಇರುವ ಯಾರು ಬೇಕಾದರೂ ಲೈನ್ ನಿಲ್ಲಿಸಬಹುದು. ಪ್ರೊಡಕ್ಷನ್ ಮ್ಯಾನೇಜರ್ ನನ್ನ ಜೊತೆ ಹದಿನೈದು ದಿನ ಮಾತು ಬಿಟ್ಟರು. ಒಂದು ಸಲ ನಿಂತರೆ ಮೂರು ಸಾವಿರ ನಷ್ಟ ಅಂತ ಅವರ ಲೆಕ್ಕ. ಮೊದಲ ತಿಂಗಳು ಒಂಬತ್ತು ಸಲ ನಿಂತಿತು, ಆರು ಸಲ ಏನೂ ಇರಲಿಲ್ಲ. ಉಳಿದ ಮೂರರಲ್ಲಿ ಒಂದು ಸಲ ಪ್ಯಾಕಿಂಗ್ ತಿಂಗಳೇ ತಪ್ಪು ಬಿದ್ದಿತ್ತು. ತಪ್ಪು ಹಿಡಿದವರಿಗೆ 200 ರೂಪಾಯಿ ಇನಾಮು ಇಟ್ಟು ನೋಡಿದೆ, ಅದು ಕೆಟ್ಟಿತು. ಇಲ್ಲದ ತಪ್ಪು ಹುಡುಕಲು ಶುರು ಮಾಡಿದರು. ಈಗ ಶನಿವಾರ ಸಂಜೆ ಚಹಾದ ಹೊತ್ತಿಗೆ ಅವರ ಹೆಸರು ಓದುತ್ತೇವೆ, ಸಾಕಾಗಿದೆ.

ಇದರ ಜೊತೆಗೆ ತೂಕದ ಮೇಲೂ ಕೈ ಹಾಕಿದೆ. ಕಿಲೋ ಪೊಟ್ಟಣದಲ್ಲಿ 15 ಗ್ರಾಂ ತನಕ ಕಡಿಮೆ ಬಿದ್ದರೆ ವಿನಾಯಿತಿ, ಆದರೆ ಸರಾಸರಿ ಕಡಿಮೆ ಬರುವಂತಿಲ್ಲ ಅಲ್ವಾ? ಕೇಸಿನ ಹೆದರಿಕೆಗೆ ನಮ್ಮವರು 1,012 ಗ್ರಾಂ ತುಂಬುತ್ತಿದ್ದರು. ಗಂಟೆಗೊಮ್ಮೆ ಐದು ಪೊಟ್ಟಣ ತೂಗಿ ಪುಸ್ತಕದಲ್ಲಿ ಬರೆಸಿ, ಮೆಲ್ಲಗೆ 1,004ಕ್ಕೆ ತಂದೆ. ದಿನಕ್ಕೆ ಆರು ಟನ್‌ಗೆ 48 ಕಿಲೋ ಉಳಿಯಿತು, ಅಂದರೆ ದಿನಕ್ಕೆ 2,800 ರೂಪಾಯಿ ಹತ್ತಿರ. ಗಾಣದವರಿಗೆ ಜಾಸ್ತಿ ಕೊಡುವ ದುಡ್ಡಿನಲ್ಲಿ ಒಂದಿಷ್ಟು ಭಾಗ ಇಲ್ಲಿಂದಲೇ ಬರುತ್ತದೆ. ಕಾನೂನು ಬರೀ ಖರ್ಚು ಎನ್ನುವವರಿಗೆ ಈ ಪುಟ ತೋರಿಸುತ್ತೇನೆ.

ಎಲ್ಲಕ್ಕಿಂತ ಕಷ್ಟವಾಗಿದ್ದು ಕಬ್ಬು ಕಡಿಯುವ ಗ್ಯಾಂಗಿನ ವಿಷಯ. ಮಾಲು ಯಾರ, ಎಂಥ ದುಡಿಮೆಯಿಂದ ಬರುತ್ತದೆ ಎಂದು ಕಂಪನಿಗಳೇ ನೋಡಬೇಕೆನ್ನುವ ಜರ್ಮನಿಯ ಸರಬರಾಜು ಸರಪಳಿ ಕಾನೂನು 2023ರ ಜನವರಿಯಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿನವರ ಪ್ರಶ್ನೆಗಳು ಹೊಲದ ತನಕ ಬಂದವು. ಒಂದು ಗಾಣದಲ್ಲಿ ಮುಕಾದಮನ (ಗ್ಯಾಂಗ್ ಕರೆತರುವ ಮೇಸ್ತ್ರಿ) ಚೀಲದೊಳಗೆ ಪ್ಲಾಸ್ಟಿಕ್ ಕವರ್, ಅದರಲ್ಲಿ 14 ಆಧಾರ್ ಕಾರ್ಡ್. "ಅಡ್ವಾನ್ಸ್ ತಗೊಂಡು ಓಡಿ ಹೋದ್ರ ಯಾರ್ ಹೊಣೆ ಸಾಹೇಬ್ರ?" ಎಂದ. ಗುರುತಿನ ಚೀಟಿ ಹಿಡಿದಿಟ್ಟುಕೊಳ್ಳುವುದು ಬಲವಂತದ ದುಡಿಮೆಯ ಗುರುತು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್‌ಒ) ಹೇಳುತ್ತದೆ. ನಮ್ಮಲ್ಲೂ 1976ರಿಂದ ಜೀತ ರದ್ದತಿ ಕಾಯ್ದೆ ಇದೆ. ಅದೆಲ್ಲ ಬಿಡಿ, ಒಬ್ಬ ತಾಯಿ ಮಗುವನ್ನು ದವಾಖಾನೆಗೆ ಕರೆದೊಯ್ಯಲು ಕಾರ್ಡ್ ಕೇಳಿ ಕಾಯುತ್ತಿದ್ದಳು. ಅಲ್ಲೇ ನಿಂತು 14 ಕಾರ್ಡನ್ನೂ ಕೈಗೆ ಕೊಡಿಸಿದೆ. ಮುಕಾದಮ ಸಿಟ್ಟಾಗಿ ಗ್ಯಾಂಗ್ ಸಮೇತ ಹೊರಟ. ಎರಡು ಗಾಣ ಮೂರು ವಾರ ನಿಂತವು, ಮಾಲು ಕಡಿಮೆ ಬಿತ್ತು, ಮುಂಬೈಯಿಂದ ಕಠಿಣ ಪತ್ರ ಬಂತು. ಆಮೇಲೆ ಗ್ಯಾಂಗಿನ ಅಡ್ವಾನ್ಸ್ ಲೆಕ್ಕ ಮುಕಾದಮನ ಬದಲು ಒಬ್ಬೊಬ್ಬರ ಕೈಯಲ್ಲೇ ಇರಲೆಂದು ಸಣ್ಣ ಪುಸ್ತಕ ಕೊಟ್ಟೆವು. ಒಂದು ಪುಟ ಕನ್ನಡ, ಎದುರು ಪುಟ ಮರಾಠಿ.

ಚಹಾ-ಪಾಣಿ ದುಡ್ಡಿನ ಬಗ್ಗೆ ಒಂದೇ ಮಾತು. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರ ತಿದ್ದುಪಡಿ ಆದ ಮೇಲೆ ಲಂಚ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ನಮ್ಮಲ್ಲಿ ರಸೀದಿ ಇಲ್ಲದ ದುಡ್ಡು ಹೊರಗೆ ಹೋಗುವುದಿಲ್ಲ, ಕಚೇರಿ ಕೆಲಸಕ್ಕೆ ಯಾವಾಗಲೂ ಇಬ್ಬರು ಹೋಗುತ್ತಾರೆ. ಇದರಿಂದ ಒಂದು ಅನುಮತಿ ಐದು ತಿಂಗಳು ತಡವಾಯಿತು. ಆದರೂ ಬಂತು.

ಈ ಹಂಗಾಮಿಗೆ ಗಾಣ ಹದಿನಾರು ಆಗಿವೆ. ಹೋದ ವಾರ ಮುಂಬೈಯವರು ಪುಸ್ತಕದ ಎಲ್ಲ ಪುಟಗಳ ಫೋಟೋ ಕೇಳಿದರು, ಬೇರೆ ಘಟಕಗಳಿಗೆ ಕಳಿಸುತ್ತಾರಂತೆ. ಕಳಿಸಿದೆ. ಆ ಪ್ಯಾಕಿಂಗ್ ಟೇಬಲ್‌ನ ಹೆಣ್ಣುಮಗಳ ಹೆಸರು ಈಗ ಲೇಬಲ್‌ನ ಸಾಲಿನ ಎದುರಿಗಿದೆ. ಹೊಸ ಪೊಟ್ಟಣ ಬಂದರೆ ಮೊದಲು ಅವಳು ಆ ನಂಬರಿಗೆ ಫೋನ್ ಹಚ್ಚಿ ನೋಡುತ್ತಾಳೆ.