ಟ, ಡ ಬಿಟ್ಟೆ, ಸ್ಪ್ಯಾನಿಷ್ ಕಿವಿಗೆ ಸಿಕ್ಕಿತು

ಕೆಲಸದಲ್ಲಿ ಮ್ಯಾಡ್ರಿಡ್‌ನವರ ಜೊತೆ ದಿನಾ ಮಾತಾಡಬೇಕಿತ್ತು. ಹಾಗಾಗಿ ನಾನು ಸ್ಪ್ಯಾನಿಷ್ ಕಲಿಯೋಕೆ ಶುರು ಮಾಡಿದ್ದು ಇಂಗ್ಲಿಷಿನಿಂದ ಅಲ್ಲಿಗೆ ಹೋದ ಪದಗಳಿಂದ. ಗೊತ್ತಿರೋ ಪದ ಅಲ್ವಾ, ಬೇಗ ಬರುತ್ತೆ ಅಂದುಕೊಂಡೆ. ಆದರೆ ಅವರ ಬಾಯಲ್ಲಿ ಕೇಳಿದಾಗ ಗುರುತೇ ಸಿಗುತ್ತಿರಲಿಲ್ಲ. ಸ್ಪೇನ್‌ನಲ್ಲಿ ವೈಫೈ 'ವೀಫಿ' ಆಗುತ್ತದೆ. ಶಾಂಪೂ 'ಚಂಪೂ' ಆಗುತ್ತದೆ. (ಹಿಂದಿಯ 'ಚಾಂಪೋ', ಅಂದರೆ ಒತ್ತು, ಇಂಗ್ಲಿಷಿಗೆ ಹೋಗಿ ಶಾಂಪೂ ಆಗಿದ್ದು. ಸ್ಪ್ಯಾನಿಷ್‌ಗೆ ಹೋಗಿ ಅದಕ್ಕೆ 'ಚ' ವಾಪಸ್ ಸಿಕ್ಕಿತು!)

ಆಮೇಲೆ ನೋಟ್‌ಬುಕ್ಕಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳತೊಡಗಿದೆ. ಆಗ ಒಂದು ವಿಷಯ ಎದ್ದು ಕಂಡಿತು. ಇಂಗ್ಲಿಷ್ ಪದ ಅಂದರೆ ನಮಗೆ ಟ, ಡ. ಅವರಿಗೆ ತ, ದ. ಪೆನಾಲ್ಟಿ ಅಲ್ಲ, 'ಪೆನಾಲ್ತಿ'. ಲೀಡರ್ ಅಲ್ಲ, 'ಲೀದೆರ್'. ಇಂಟರ್ನೆಟ್ ಅಲ್ಲ, 'ಇಂತೆರ್ನೆತ್'. ಕೊನೆಯ 'ರ್' ಅನ್ನು ನುಂಗೋ ಹಾಗಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದರೆ ಈ ವ್ಯತ್ಯಾಸ ನನಗೆ ಕಾಣುತ್ತಲೇ ಇರಲಿಲ್ಲ.

'ಸ್' ಜೊತೆ ಇನ್ನೊಂದು ವ್ಯಂಜನ ಬಂದು ಪದ ಶುರುವಾದರೆ ಮುಂದೆ 'ಎ' ಸೇರುತ್ತದೆ: ಎಸ್ತ್ರೆಸ್, ಎಸ್ಕಾನೆರ್, ಎಸ್ಲೋಗಾನ್. ಇದನ್ನು ನೆನಪಿಡೋಕೆ ನಾನೇನೂ ಕಷ್ಟಪಡಲಿಲ್ಲ. ನಮ್ಮ ಊರಲ್ಲಿ ಇಸ್ಕೂಲು, ಇಸ್ಟೇಷನ್ ಅನ್ನೋರ ಮಧ್ಯೆಯೇ ಬೆಳೆದವನು ನಾನು.

ಕಿವಿ ಪಳಗಿಸೋಕೆ ಫುಟ್‌ಬಾಲ್ ರೇಡಿಯೋ ಕಾಮೆಂಟರಿಗಿಂತ ಒಳ್ಳೆಯದು ಇಲ್ಲ. ಗೋಲ್, ಕೋರ್ನೆರ್, ಪೆನಾಲ್ತಿ ಒಂದರ ಹಿಂದೆ ಒಂದು ಬರುತ್ತವೆ. ಕೋಚ್‌ಗೆ ಅಲ್ಲಿ 'ಎಲ್ ಮೀಸ್ತೆರ್' ಅನ್ನುತ್ತಾರೆ. ಮಾರಿಯಾನೊ ದೆ ಕಾವಿಯಾ ಎಂಬ ಪತ್ರಕರ್ತ 1908ರಲ್ಲಿ ಇಂಗ್ಲಿಷಿನಿಂದ ಬಂದ ಫೂತ್‌ಬೋಲ್ ಬೇಡ, ನಮ್ಮದೇ ಚೆಂಡು, ಕಾಲು ಸೇರಿಸಿ 'ಬಾಲೋಂಪಿಯೆ' ಅನ್ನೋಣ ಅಂತ ಸೂಚಿಸಿದ್ದ. ಜನ ಅಷ್ಟಾಗಿ ಕಿವಿಗೊಡಲಿಲ್ಲ. ಸೆವಿಲ್ಲಾ ನಗರದ ರಿಯಲ್ ಬೆತಿಸ್ ಕ್ಲಬ್ಬಿನ ಪೂರ್ತಿ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ.

ಕ್ರಿಯಾಪದ ಸುಲಭ. ನಾವು 'ಸ್ಕ್ಯಾನ್ ಮಾಡು' ಅಂದ ಹಾಗೆ ಅವರು ಕೊನೆಗೆ 'ಎಆರ್' ಸೇರಿಸುತ್ತಾರೆ: ಎಸ್ಕಾನೆಆರ್, ರೆಸೆತೆಆರ್. ತುಯಿತೆಆರ್ ಅಂದರೆ ಟ್ವೀಟ್ ಮಾಡು. ಅದು ಸ್ಪ್ಯಾನಿಷ್ ಭಾಷಾ ಅಕಾಡೆಮಿಯ 2014ರ ನಿಘಂಟಿಗೂ ಸೇರಿತು.

ಅರ್ಥದ ವಿಷಯದಲ್ಲಿ ಮಾತ್ರ ಹುಷಾರಾಗಿರಬೇಕು. 'ಮೀತಿನ್' ಅಂದರೆ ರಾಜಕೀಯ ಸಭೆ. ಆಫೀಸಿನ ಮೀಟಿಂಗ್ 'ರೆಉನಿಯೋನ್'. 'ಎಸ್ಮೋಕಿನ್' ಅಂದರೆ ಸಿಗರೇಟಲ್ಲ, ಪಾರ್ಟಿಗೆ ಹಾಕುವ ಕರಿ ಸೂಟು. 'ಪುಎಂತಿಂಗ್' ಅನ್ನೋದಂತೂ ಇಂಗ್ಲಿಷಿನಲ್ಲಿ ಇಲ್ಲವೇ ಇಲ್ಲ. ಸೇತುವೆಗೆ ಅವರು ಹೇಳೋ 'ಪುಎಂತೆ'ಗೆ ಇಂಗ್ಲಿಷ್ ಬಾಲ ಅಂಟಿಸಿ, ಸೇತುವೆಯಿಂದ ಹಗ್ಗ ಕಟ್ಟಿಕೊಂಡು ಹಾರೋ ಆಟಕ್ಕೆ ಹೆಸರಿಟ್ಟಿದ್ದಾರೆ. ಇಂಥವಕ್ಕೆ ನಿಯಮ ಹುಡುಕಬೇಡಿ, ಸುಮ್ನೆ ಕಲಿತುಬಿಡಿ.

ಈಗ ಟೀಮಿಗೆ ಕೊಲಂಬಿಯಾದವರೂ ಬಂದಿದ್ದಾರೆ. ಅವರು ವೀಫಿ ಅನ್ನಲ್ಲ, 'ವಾಯ್‌ಫಾಯ್' ಅನ್ನುತ್ತಾರೆ. ಗಾಡಿ ನಿಲ್ಲಿಸೋಕೆ ಸ್ಪೇನ್‌ನವರು 'ಅಪಾರ್ಕಾರ್' ಅಂದರೆ ಇವರು 'ಪಾರ್ಕೆಆರ್' ಅನ್ನುತ್ತಾರೆ. ಇವರ ಪದಗಳಿಗೆ ಇನ್ನೊಂದು ಕಾಲಂ ಹಾಕಿದ್ದೇನೆ.