ಹಳೆಯ ಬ್ರಷ್ ಕಟರ್‌ನ ಕ್ಲಚ್ ಮತ್ತು ಗೇರ್ ಬಾಕ್ಸ್ ದುರಸ್ತಿ

ಮಲೆನಾಡಿನ ಅಡಿಕೆ ತೋಟಗಳಲ್ಲಿ ಮಳೆಗಾಲದುದ್ದಕ್ಕೂ ಹುಲ್ಲು ಹೊಡೆದು ಹಳತಾದ ಬ್ರಷ್ ಕಟರ್‌ಗೆ ಒಂದು ಕಾಯಿಲೆ ಮೇಲಿಂದ ಮೇಲೆ ಬರುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಆದರೆ ಬ್ಲೇಡು ಹುಲ್ಲಿಗೆ ತಾಗಿದೊಡನೆ ನಿಂತುಬಿಡುತ್ತದೆ. ಕ್ಲಚ್ ಹೋಗಿದೆಯೆಂದು ಹೊಸ ಶೂ (ಕ್ಲಚ್ಚಿನೊಳಗೆ ಉಜ್ಜಿ ಹಿಡಿಯುವ ತುಂಡು) ತರುವ ಮೊದಲು ದೋಷ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಬೇಕು. ನಾನೇ ಒಮ್ಮೆ ಶೂ ಬದಲಿಸಿ ಮುಗಿಸಿದ ಮೇಲೆ, ಸವೆದದ್ದು ಗೇರ್ ಬಾಕ್ಸಿನ ಹಲ್ಲು ಎಂಬುದನ್ನು ಕಂಡುಕೊಂಡವನು.

ಎಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ವಯರನ್ನು ಕಿತ್ತು ಬದಿಗಿಡಿ. ಬ್ಲೇಡನ್ನು ಬಿಚ್ಚಲು ಗೇರ್ ಬಾಕ್ಸಿನ ರಂಧ್ರಕ್ಕೆ ಅಲೆನ್ ಕೀ ತೂರಿಸಿ ತಿರುಗದಂತೆ ಹಿಡಿಯಬೇಕು. ಈ ನಟ್ಟಿಗೆ ಸಾಮಾನ್ಯವಾಗಿ ಎಡ ಥ್ರೆಡ್ ಇರುವುದರಿಂದ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಸಡಿಲವಾಗುತ್ತದೆ. ಇದನ್ನು ಮರೆತು ಬಲ ಹಾಕಿದವರು ಥ್ರೆಡ್ಡನ್ನೇ ಕೆಡಿಸಿಕೊಳ್ಳುತ್ತಾರೆ.

ಅನಂತರ ಕ್ಲಚ್ ಹೌಸಿಂಗಿನ ಬೋಲ್ಟುಗಳನ್ನು ತೆಗೆದು ಉದ್ದನೆಯ ಪೈಪನ್ನು ಎಂಜಿನ್ನಿನಿಂದ ಬೇರ್ಪಡಿಸಿ. ಪೈಪಿನ ಕಡೆ ಶೂಗಳು ಒಳಗಿನಿಂದ ಹಿಡಿಯುವ ಬಟ್ಟಲಿನಂಥ ಡ್ರಮ್ಮೂ, ಎಂಜಿನ್ನಿನ ಕಡೆ ಎರಡು ಶೂಗಳೂ ಉಳಿಯುತ್ತವೆ. ಡ್ರಮ್ಮನ್ನು ಬಿಗಿಯಾಗಿ ಹಿಡಿದು, ಬ್ಲೇಡ್ ಕೂರುವ ತುದಿಯನ್ನು ಇನ್ನೊಬ್ಬರಿಂದ ತಿರುಗಿಸಿ ನೋಡಿ. ಅದು ಸಲೀಸಾಗಿ ತಿರುಗಿದರೆ ಒಳಗಿನ ಶಾಫ್ಟಿನ ತುದಿಯೋ ಗೇರಿನ ಹಲ್ಲೋ ಸವೆದಿದೆ. ತಿರುಗದಿದ್ದರೆ ಕ್ಲಚ್ಚೇ ಜಾರುತ್ತಿದೆ.

ಕ್ಲಚ್ಚಿನ ಕೆಲಸ ಸರಳ. ಎಂಜಿನ್ನಿನ ವೇಗ ಏರಿದಾಗ ಶೂಗಳು ಸ್ಪ್ರಿಂಗಿನ ಎಳೆತವನ್ನು ಮೀರಿ ಹೊರಕ್ಕೆ ಸರಿದು ಡ್ರಮ್ಮಿನ ಒಳಮೈಯನ್ನು ಒತ್ತಿ ಹಿಡಿಯುತ್ತವೆ. ಹೀಗಾಗಿ ಅರ್ಧ ಆಕ್ಸಿಲರೇಟರಿನಲ್ಲಿ ದಟ್ಟವಾದ ಒದ್ದೆ ಹುಲ್ಲಿಗೆ ನುಗ್ಗಿಸಿದರೆ ಹಿಡಿತ ಪೂರ್ಣವಾಗದೆ, ಶೂಗಳು ಉಜ್ಜಿ ಸುಡುತ್ತವೆ. ಪೆಟ್ರೋಲ್ ಉಳಿಸಲು ಹೋಗಿ ಕ್ಲಚ್ ಸುಡುವುದು ನಮ್ಮ ಕಡೆಯ ಹಳೆಯ ಚಾಳಿ. ಡ್ರಮ್ಮಿನಲ್ಲಿ ನೀಲಿ ಛಾಯೆ ಕಂಡರೆ ಅದು ಇಂಥ ಬಿಸಿಯ ಗುರುತು.

ಒಳಗಿನ ಪುಡಿಯನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ. ಡ್ರಮ್ಮಿನ ಒಳಮೈ ಕೇವಲ ನುಣುಪಾಗಿದ್ದರೆ 120ನೇ ನಂಬರಿನ ಎಮರಿ ಕಾಗದದಿಂದ ಹಗುರವಾಗಿ ಉಜ್ಜಿದರೆ ಸಾಕು. ಬಿರುಕು ಅಥವಾ ಆಳವಾದ ಗೀರು ಇದ್ದರೆ ಬದಲಿಸಲೇಬೇಕು. ಡ್ರಮ್ ಅಲ್ಲಾಡುತ್ತಿದ್ದರೆ ಅದರ ಹಿಂದಿನ ಬೇರಿಂಗ್ ಹೋಗಿದೆ. ಶೂಗಳನ್ನು ಒಂದೊಂದಾಗಿ ಬದಲಿಸದೆ ಸ್ಪ್ರಿಂಗಿನೊಂದಿಗೆ ಜೋಡಿಯಾಗಿಯೇ ಹಾಕಿ. ಬಿಚ್ಚುವ ಮೊದಲೇ ವಾಷರುಗಳ ಕ್ರಮವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಒಂದು ವಾಷರ್ ಸ್ಥಾನ ತಪ್ಪಿದರೂ ಶೂ ಸಲೀಸಾಗಿ ಆಡುವುದಿಲ್ಲ. ಶೂ ಎಣ್ಣೆಯಲ್ಲಿ ನೆನೆದಿದ್ದರೆ ಹೊಸದನ್ನು ಹಾಕುವ ಮುನ್ನ ಎಂಜಿನ್ನಿನ ಆಯಿಲ್ ಸೀಲನ್ನು (ಎಣ್ಣೆ ಸೋರದಂತೆ ತಡೆಯುವ ಬಳೆ) ಪರೀಕ್ಷಿಸಿ. ಇಲ್ಲವಾದರೆ ಹೊಸ ಶೂಗೂ ಅದೇ ಗತಿ.

ಗೇರ್ ಬಾಕ್ಸಿನ ಪಕ್ಕದ ಬೋಲ್ಟ್ ತೆಗೆದು ಗ್ರೀಸ್ ನೋಡಿ. ಒಣಗಿದ್ದರೆ ಲಿಥಿಯಂ ಗ್ರೀಸನ್ನು ಮುಕ್ಕಾಲು ಭಾಗದಷ್ಟು ತುಂಬಿ, ಹೆಚ್ಚಾದರೆ ಬಿಸಿಯೇರುತ್ತದೆ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವ ಯೋಚನೆಯೇ ಬೇಡ.

ಜೋಡಿಸಿದ ಮೇಲೆ ಬ್ಲೇಡ್ ಹಾಕದೆ ಎಂಜಿನ್ ಚಾಲೂ ಮಾಡಿ, ಆಕ್ಸಿಲರೇಟರ್ ಮುಟ್ಟದೆ ಬಿಡಿ. ತುದಿ ತಿರುಗುತ್ತಲೇ ಇದ್ದರೆ ಐಡಲ್ ಸ್ಕ್ರೂವನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸಿ ವೇಗ ಇಳಿಸಬೇಕು. ಆಗಲೂ ನಿಲ್ಲದಿದ್ದರೆ ಸ್ಪ್ರಿಂಗ್ ಸರಿಯಾಗಿ ಕೂತಿಲ್ಲವೆಂದು ತಿಳಿದು, ಎಂಜಿನ್ ಆರಿಸಿ ಮತ್ತೆ ಬಿಚ್ಚಿ ನೋಡಿ.